ಪರದೇಶಕ್ಕೆ ಹೊರಟವಳ ಫೋನು

ಮಂಗಳವಾರ, ಮಾರ್ಚ್ ೫

ಪ್ರೀತಿಯ ಬುಗುರಿ,

ನಿನ್ನ ಅಕ್ಕನ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಭಾವನ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. "ಅಕ್ಕಾ, ನೀವು ಹೋದ ವರ್ಷ ಪರದೇಶ ಸುತ್ತಿ ಬಂದವರು, ಪ್ರವಾಸಕ್ಕೆ ಫೋನಲ್ಲಿ ಯಾವ ಯಾವ ಆ್ಯಪ್ ಇರ್ಬೇಕು, ಪಟ್ಟಿ ಕಳ್ಸು" ಎಂದು ನೀನು ಮೆಸೇಜು ಹಾಕಿ ಹದಿನೇಳು ದಿನವಾಯಿತು. ತಡಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಕೈಯಲ್ಲಿ ಫೋನಿದ್ದೂ ಇವಳೇನು ಕಾಗದ ಬರೆಯುತ್ತಾಳೆ, ಅದನ್ನೂ ನಿಮ್ಮ ಲೈಬ್ರರಿ ಮೇಡಂ ಅವರ ಹೊಸ ಕನ್ನಡಕದ ಡಬ್ಬಿಯಲ್ಲಿ ಮಡಿಸಿಟ್ಟು ಕಳಿಸುತ್ತಾಳೆ ಎಂದು ನಿನಗೆ ನಗು ಬರಬಹುದು. ನಕ್ಕುಬಿಡು. ಆದರೆ ಲೈಬ್ರರಿಯ ಬೈಂಡಿಂಗ್ ಕೋಣೆಯಲ್ಲೇ ಕೂತು ಓದಿ ಮುಗಿಸು. ಫೋಟೋ ತೆಗೆಯಬೇಡ, ಮನೆಗೆ ಒಯ್ಯಬೇಡ.

ಯಾಕೆಂದರೆ ಮೊನ್ನೆ ನಿನ್ನ ಯಜಮಾನರು ನಮ್ಮ ಕನ್ನಡಕದ ಅಂಗಡಿಗೆ ಬಂದಿದ್ದರು. ನಾನು ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜುತ್ತಿದ್ದೆ. ಉಜ್ಜುವ ಚಕ್ರದ ಸದ್ದಿನಲ್ಲಿ ಅವರು ಬಂದು ನಿಂತದ್ದೇ ತಿಳಿಯಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದರೋ. "ಅಕ್ಕಾ, ಆ್ಯಪ್ ಪಟ್ಟಿ ಕೇಳಿ ಮೆಸೇಜ್ ಮಾಡಿದ್ಲಲ್ಲ, ಯಾಕೆ ಉತ್ತರ ಕೊಟ್ಟಿಲ್ಲ? ಪಾಪ, ಕಾಯ್ತಿದ್ದಾಳೆ" ಎಂದರು. ಎಂದಿನ ಹಾಗೆ ಮೆಲುದನಿ, ಮುಖದ ತುಂಬ ನಗು. ನೀನು ನನಗೊಬ್ಬಳಿಗೇ ಬರೆದ ಮೆಸೇಜಾಗಿತ್ತು ಅದು. "ಕೆಲಸ ಜಾಸ್ತಿ ಇತ್ತಪ್ಪ" ಎಂದೆ. ಕೈಯಲ್ಲಿದ್ದ ಲೆನ್ಸು ಜಾರಿ ನೀರಿನ ತಟ್ಟೆಗೆ ಬಿತ್ತು.

ಇರಲಿ, ಮೊದಲು ಪಟ್ಟಿ. ಕೇಳಿದ್ದು ಕೊಡದೆ ಬೇರೆ ಮಾತು ತೆಗೆದರೆ ನಿನಗೆ ಚಿಕ್ಕಂದಿನಿಂದಲೂ ಸಿಟ್ಟು. ನಕ್ಷೆಯ ಆ್ಯಪ್ ಬೇಕೇ ಬೇಕು. ಹೋಗುವ ಊರಿನ ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೋ, ಅಲ್ಲಿ ನೆಟ್‌ವರ್ಕ್ ಸಿಗದಿದ್ದರೂ ದಾರಿ ತೋರಿಸುತ್ತದೆ. ರೈಲು, ಬಸ್ಸಿನ ವೇಳೆ ಹೇಳುವುದೂ ಇರಲಿ. ಆಮೇಲೆ ಭಾಷೆ ಬದಲಾಯಿಸುವ ಆ್ಯಪ್. ಅಲ್ಲೊಂದು ಔಷಧಿ ಅಂಗಡಿಯಲ್ಲಿ ನಾನು "ನಮ್ಮೆಜಮಾನ್ರ ಮೊಣಕಾಲು ಕೆಟ್ಟಿದೆ, ಏನಾದ್ರೂ ಕೊಡಿ" ಎಂದೆ. ಅಂಗಡಿಯವಳು ಬಿದ್ದು ಬಿದ್ದು ನಕ್ಕು ಫೋನು ತಿರುಗಿಸಿ ತೋರಿಸಿದಳು. "ನನ್ನ ಗಂಡ ಕೆಟ್ಟುಹೋಗಿದ್ದಾನೆ, ಬೇರೆ ಕೊಡಿ" ಎಂದಾಗಿತ್ತು. ನಿಮ್ಮ ಭಾವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಪಾಸ್‌ಪೋರ್ಟಿನ ಫೋಟೋ ಫೋನಿನಲ್ಲಿರಲಿ. ನಮ್ಮ ರಾಯಭಾರ ಕಚೇರಿಯ ನಂಬರನ್ನು ಮಾತ್ರ ಕಾಗದದಲ್ಲಿ ಬರೆದು ಒಳಜೇಬಿನಲ್ಲಿ ಇಟ್ಟುಕೋ. ಫೋನು ಯಾವಾಗಲೂ ನಿನ್ನ ಕೈಯಲ್ಲೇ ಇರುತ್ತದೆಂದು ಹೇಳಲಾಗದು.

ಇನ್ನೊಂದು ಆ್ಯಪಿದೆ. ಅದು ಆಗಲೇ ನಿನ್ನ ಫೋನಿನಲ್ಲಿದೆ, ನನ್ನದರಲ್ಲೂ ಇದೆ. ನಾವು ಹೊರಡುವ ವಾರ ನಿನ್ನ ಯಜಮಾನರು ನಮ್ಮಿಬ್ಬರ ಫೋನನ್ನೂ ತಮ್ಮ ರಿಪೇರಿ ಅಂಗಡಿಗೆ ತರಿಸಿಕೊಂಡು ತಾವೇ ಹಾಕಿಕೊಟ್ಟಿದ್ದರು. "ಗೊತ್ತಿಲ್ದಿರೋ ಊರು ಅಕ್ಕಾ. ನೀವೆಲ್ಲಿದ್ದೀರಿ ಅಂತ ನಮಗೂ ಕಾಣ್ಲಿ, ನಾವೆಲ್ಲಿದ್ದೀವಿ ಅಂತ ನಿಮಗೂ ಕಾಣ್ಲಿ." ನಕ್ಷೆಯ ಮೇಲೆ ನಾಲ್ಕು ಜನರ ನಾಲ್ಕು ಚುಕ್ಕಿ. ಎಷ್ಟು ಕಾಳಜಿಯ ಹುಡುಗ ಎಂದು ನಾವು ದಾರಿಯುದ್ದಕ್ಕೂ ಹೊಗಳಿದ್ದೇ ಹೊಗಳಿದ್ದು.

ಪ್ರವಾಸದ ಆರನೆಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆ. ಒಂದು ಕೆರೆಯ ದಂಡೆಯಲ್ಲಿ ಬೆಂಚಿನ ಮೇಲೆ ಕೂತಿದ್ದೆ. ನಿಮ್ಮ ಭಾವ ದೋಣಿ ವಿಚಾರಿಸಲು ಹೋಗಿದ್ದರು. ನಿನ್ನ ನೆನಪಾಗಿ ಆ್ಯಪ್ ತೆರೆದೆ. ಇಲ್ಲಿ ಊರಲ್ಲಿ ಆಗ ನಿನ್ನ ಕೆಲಸದ ಹೊತ್ತು, ನಿನ್ನ ಚುಕ್ಕಿ ಲೈಬ್ರರಿಯಲ್ಲಿ ಇರಬೇಕಿತ್ತು. ಇರಲಿಲ್ಲ. ಅದು ಬಸ್ಸಿನ ದಾರಿ ಹಿಡಿದು ನಮ್ಮ ಮನೆ ಕಡೆಗೆ ಹೊರಟಿತ್ತು. ನಾವು ಊರಲ್ಲಿಲ್ಲ ಎಂದು ನಿನಗೆ ಗೊತ್ತು. ಆದರೂ ಅದು ನಮ್ಮ ಬೀದಿಗೆ ತಿರುಗಿತು, ಬೀಗ ಹಾಕಿದ ನಮ್ಮ ಬಾಗಿಲ ಮುಂದೆ ನಿಂತಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಎರಡು ಸಲ ಫೋನು ಮಾಡಿದೆ, ರಿಂಗಾಗಿ ನಿಂತುಹೋಯಿತು. ನಲವತ್ತು ನಿಮಿಷ ಕಳೆದ ಮೇಲೆ ನಿನ್ನ ಯಜಮಾನರ ಚುಕ್ಕಿ ಅಂಗಡಿಯಿಂದ ಹೊರಟಿತು. ಎಲ್ಲೂ ನಿಲ್ಲದೆ, ಎಲ್ಲೂ ಸುತ್ತದೆ ನೇರ ನಮ್ಮ ಬೀದಿಗೆ ಬಂತು. ಎರಡೂ ಚುಕ್ಕಿ ಒಂದರ ಮೇಲೊಂದು ಕೂತು ಒಂದೇ ಆದವು. ಹಾಗೇ ನಿಮ್ಮ ಮನೆಗೆ ಹೋದವು. ಆಮೇಲೆ ನಾಲ್ಕು ದಿನ ನಿನ್ನ ಚುಕ್ಕಿ ಆ ಮನೆಯಿಂದ ಅಲುಗಲಿಲ್ಲ.

ನಾನು ವಾಪಸು ಬಂದಾಗ ನಿನ್ನ ಮಣಿಕಟ್ಟಿಗೆ ಪಟ್ಟಿ ಇತ್ತು. "ಬೈಂಡಿಂಗ್ ಪ್ರೆಸ್ಸಿಗೆ ಸಿಕ್ಕಾಕ್ಕೊಂಡ್ತು ಅಕ್ಕಾ" ಎಂದೆ. ಲೆನ್ಸಿನ ಮೇಲಿನ ಕೂದಲೆಳೆಯಷ್ಟು ಗೀರನ್ನು ಕಂಡುಹಿಡಿಯುವವಳು ನಾನು. ನಿನ್ನ ಕೈಯನ್ನು ಕೈಯಲ್ಲಿ ಹಿಡಿದು ನೋಡಿದೆ, ಆದರೂ ನೋಡಲಿಲ್ಲ.

ಈಗ ಇದನ್ನೆಲ್ಲ ಬರೆಯಲು ಕಾರಣವಿದೆ. ನಮ್ಮ ಪ್ರವಾಸದ ವೇಳೆ ಟಿಕೆಟ್ಟು, ಹೋಟೆಲು ಎಲ್ಲ ಒಂದೆಡೆ ತೋರಿಸುವ ಆ್ಯಪಿಗೂ ನಿನ್ನ ಯಜಮಾನರು ನನ್ನನ್ನು ಸೇರಿಸಿದ್ದರಲ್ಲ, ತೆಗೆಯಲು ಮರೆತಿದ್ದಾರೆ. ಹೋದ ವಾರ ನಿಮ್ಮ ಪ್ರವಾಸದ ವಿವರ ನನ್ನ ಫೋನಿಗೂ ಬಂತು. ಹೋಗುವ ಟಿಕೆಟ್ಟಿನಲ್ಲಿ ಎರಡು ಹೆಸರಿವೆ. ಬರುವ ಟಿಕೆಟ್ಟಿನಲ್ಲಿ ಒಂದೇ. ಅದು ನಿನ್ನದಲ್ಲ.

ನಮ್ಮ ಅಂಗಡಿಯ ಕೆಳಗಿನ ಟ್ರಾವೆಲ್ ಆಫೀಸಿನವಳನ್ನು, ಯಾರದೆಂದು ಹೇಳದೆ, ಕೇಳಿದೆ. "ಇನ್ನೊಂದು ಬೇರೆ ಬುಕ್ ಮಾಡಿರ್ಬಹುದು ಅಕ್ಕಾ, ಮಾಡ್ದೇನೂ ಇರ್ಬಹುದು. ನಾನ್ಹೇಗೆ ಹೇಳ್ಲಿ?" ಎಂದಳು. ನಿಜವೇ. ನೀವು ಉಳಿಯುವ ಮನೆಯನ್ನು ನಕ್ಷೆಯಲ್ಲಿ ಹುಡುಕಿದೆ. ಬೆಟ್ಟದ ಮೇಲೆ ಒಂಟಿ ಮನೆ, ಕೊನೆಯ ಎರಡು ಮೈಲಿಗೆ ರಸ್ತೆಯಿಲ್ಲ. ಪ್ರವಾಸದ ವಿವರದಲ್ಲಿ ಆ ಮನೆಯ ಕೆಳಗೆ ನಿನ್ನ ಯಜಮಾನರೇ ಬರೆದಿದ್ದಾರೆ: "ಇಲ್ಲಿ ಸಿಗ್ನಲ್ ಇರಲ್ಲ. ಒಳ್ಳೇದು."

ನನ್ನದು ಹುಚ್ಚು ಅನುಮಾನವೇ ಆಗಿರಲಿ. ಆದರೂ ನೀನು ಆ ವಿಮಾನ ಹತ್ತಬೇಡ ಬುಗುರಿ.

ಮೇಡಂಗೆ ಎಲ್ಲ ಹೇಳಿದ್ದೇನೆ. ಗುರುವಾರ ನಿನ್ನ ಯಜಮಾನರು ಬಿಡಿಭಾಗ ತರಲು ಸಗಟು ಮಾರ್ಕೆಟ್ಟಿಗೆ ಹೋಗುತ್ತಾರೆ. ಅಂದು ಹನ್ನೊಂದಕ್ಕೆ ಮೇಡಂ ಕಾರು ಲೈಬ್ರರಿಯ ಹಿಂಬಾಗಿಲಲ್ಲಿ ಇರುತ್ತದೆ. ಬಟ್ಟೆಬರೆ ಏನೂ ತರಬೇಡ. ಫೋನು ಆರಿಸಬೇಡ, ಆರಿಸಿದ ಕ್ಷಣವೇ ಅವರಿಗೆ ತಿಳಿಯುತ್ತದೆ. ಎದುರಿನ ನಿಲ್ದಾಣದಲ್ಲಿ ಯಾವುದಾದರೂ ಬಸ್ಸು ಹತ್ತಿ ಸೀಟಿನಡಿ ಇಟ್ಟು ಇಳಿದುಬಿಡು. ಬರುವುದಾದರೆ "ಕನ್ನಡಕ ಬಿಗಿಯಾಗಿದೆ" ಎಂದು ಮೇಡಂ ನಮ್ಮ ಅಂಗಡಿಗೆ ಫೋನು ಮಾಡಲಿ. ನನಗೆ ಅಷ್ಟು ಸಾಕು.

ನಿನ್ನ,
ಅಕ್ಕ


ಶುಕ್ರವಾರ, ಏಪ್ರಿಲ್ ೧೨

ನನ್ನ ಬುಗುರಿಗೆ,

ಹೇಗಿದ್ದೀಯ ಮಗಾ? ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ? ಐದು ವಾರ ಬರೆಯದೆ ಇದ್ದದ್ದು ಮರೆತಲ್ಲ. ಸ್ವಲ್ಪ ದಿನ ತಡೆಯಿರಿ ಎಂದು ಮೇಡಂ ಹೇಳಿದ್ದರು. ಇದನ್ನೂ ಅವರ ಕೈಯಲ್ಲೇ ಕೊಡುತ್ತಿದ್ದೇನೆ. ಹೊಸ ಊರಿನಲ್ಲಿ ನಿನಗೆ ಕೆಲಸ ಸಿಕ್ಕಿತೆಂದೂ, ಮಣಿಕಟ್ಟಿಗೆ ಎಣ್ಣೆ ಹಾಕಿ ತಿಕ್ಕಿಸಿಕೊಳ್ಳುತ್ತಿದ್ದೀಯೆಂದೂ ಅವರೇ ಹೇಳಿದರು. ನಿಮ್ಮ ಭಾವ ಅದನ್ನು ಕೇಳಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು. ನನಗೆ ಕೇಳಿಸಲಿಲ್ಲವೆಂದು ತಿಳಿದಿದ್ದಾರೆ.

ಆ ಗುರುವಾರ ಇಲ್ಲೇನಾಯಿತೆಂದು ನಿನಗೆ ಗೊತ್ತಿಲ್ಲ. ನೀನು ಬಿಟ್ಟ ಫೋನು ಬಸ್ಸಿನ ಜೊತೆ ಊರ ಹೊರಗಿನ ಕೊನೆಯ ನಿಲ್ದಾಣದವರೆಗೆ ಹೋಯಿತು. ನಾನು ಮೇಜಿನ ಮೇಲೆ ಫೋನಿಟ್ಟುಕೊಂಡು ಒಂದು ಕಣ್ಣು ಅದರ ಮೇಲೆ, ಒಂದು ಕಣ್ಣು ಚಕ್ರದ ಮೇಲೆ ಇಟ್ಟಿದ್ದೆ. ಹನ್ನೆರಡೂಕಾಲಿಗೆ ಅವನ ಚುಕ್ಕಿ ಮಾರ್ಕೆಟ್ಟಿನಿಂದ ತಿರುಗಿತು. ಹೌದು, ಹಿಂದಿನ ಕಾಗದದಲ್ಲಿ "ಅವರು" ಎಂದಿದ್ದೆ, ಇನ್ನು ಬರೆಯಲು ಕೈ ಬಾರದು. ಬಸ್ಸು ತಿರುಗಿದಲ್ಲೆಲ್ಲ ಅವನೂ ತಿರುಗಿದ. ಅವನು ಬಸ್ಸಿನ ಹತ್ತಿರ ಹೋದಷ್ಟೂ ನಾನು ಲೆನ್ಸನ್ನು ಚಕ್ರಕ್ಕೆ ಇನ್ನಷ್ಟು ಒತ್ತುತ್ತಿದ್ದೆ, ನೀನು ಅದರಲ್ಲಿಲ್ಲ ಎಂದು ಗೊತ್ತಿದ್ದೂ. ಎರಡು ಜೊತೆ ಲೆನ್ಸು ಹಾಳು ಮಾಡಿದೆ. ಅಂಗಡಿಯ ಯಜಮಾನರು ಬೈದರು.

ಎರಡು ಗಂಟೆಗೆ ನಿನ್ನ ಫೋನು ಹಿಡಿದು ಅಂಗಡಿಗೇ ಬಂದ. ದನಿ ಏರಿಸಲಿಲ್ಲ.

"ಅಕ್ಕಾ, ಅವಳು ಫೋನ್ ಮರ್ತು ಹೋಗಿದ್ದಾಳೆ. ತಲುಪಿಸ್ಬೇಕು. ಎಲ್ಲಿದ್ದಾಳೆ?"

"ನಂಗೇನು ಗೊತ್ತು?"

"ನಿಮಗೆ ಗೊತ್ತಿಲ್ದೆ ಅವಳು ಎಲ್ಲಿಗೂ ಹೋಗಲ್ಲ ಅಕ್ಕಾ." ಮೇಜಿನ ಮೇಲಿದ್ದ ನನ್ನ ಫೋನನ್ನು ಎತ್ತಿ, ಬಟ್ಟೆಯಿಂದ ಗಾಜು ಒರೆಸಿ, ಮತ್ತೆ ಅಲ್ಲೇ ಇಟ್ಟ. "ಊಟ ಮಾಡಿ. ಸುಸ್ತಾಗಿ ಕಾಣ್ತೀರಿ."

ಅವತ್ತೇ ನಿಮ್ಮ ಭಾವನೂ ನಾನೂ ಪೊಲೀಸ್ ಠಾಣೆಗೆ ಹೋಗಿ ದೂರು ಬರೆಸಿದೆವು. ಅವನನ್ನು ಕರೆಸಿ ಕೇಳಿದರು, ಕಳಿಸಿದರು. ವಾರದ ಮೇಲೆ ಅವನು ಅಂಗಡಿಗೆ ಬಂದು ಒಂದು ಕಾಗದ ಮುಂದಿಟ್ಟ. "ನೋಡಿ ಅಕ್ಕಾ, ಏನೇನೋ ಹೇಳಿದ್ರಂತಲ್ಲ ಸ್ಟೇಷನ್ನಲ್ಲಿ. ಅವಳ ವಾಪಸ್ ಟಿಕೆಟ್ ಇದು. ಇತ್ತು." ನಿನ್ನ ಹೆಸರಿತ್ತು, ದಿನ ಸರಿಯಿತ್ತು. ಅಯ್ಯೋ, ಸಂಸಾರ ಮುರಿದೆನೇ ಎಂದುಕೊಂಡೆ. ಆಮೇಲೆ ಸಣ್ಣ ಅಕ್ಷರ ಓದುವ ನನ್ನ ಕಣ್ಣು ಅದರ ತುದಿಗೆ ಹೋಯಿತು. ಟಿಕೆಟ್ಟು ಕೊಂಡ ತಾರೀಖು ಶುಕ್ರವಾರದ್ದು, ನೀನು ಹೋದ ಮಾರನೆಯ ದಿನದ್ದು. ಅವನೆದುರಿಗೇ ಅದರ ಮೇಲೆ ಬೆರಳಿಟ್ಟೆ. ಅವನ ನಗು ಹೋದದ್ದನ್ನು ಅಂದೇ ಮೊದಲು ಕಂಡದ್ದು. ಕಾಗದ ಕಸಿದುಕೊಳ್ಳುವ ಮೊದಲೇ ನಮ್ಮ ಅಂಗಡಿಯ ಯಜಮಾನರು ಅದನ್ನೆತ್ತಿ ಕಪಾಟಿನಲ್ಲಿ ಹಾಕಿ ಬೀಗ ಜಡಿದರು. ಈಗದು ವಕೀಲರ ಹತ್ತಿರ ಇದೆ.

ಅವನು ಈಗಲೂ ಅಂಗಡಿ ತೆರೆಯುತ್ತಾನೆ. ಮಧ್ಯಾಹ್ನ ನಮ್ಮ ಎದುರಿನ ಫುಟ್‌ಪಾತಿನಲ್ಲಿ ನಿಂತಿರುತ್ತಾನೆ. ನಾನು ನೋಡಿದರೆ ತಲೆಬಾಗಿಸುತ್ತಾನೆ. ಹೊಸ ಫೋನು ಕೊಂಡಿದ್ದೇನೆ, ಆದರೂ ಮಾತಾಡುವಾಗ ದನಿ ತಗ್ಗಿಸುವುದು ರೂಢಿಯಾಗಿಬಿಟ್ಟಿದೆ. ನೀನಿರುವ ಊರು ಯಾವುದೆಂದು ನನಗೆ ಬರೆಯಬೇಡ. ಮೇಡಂ ಬಾಯಿತಪ್ಪಿ ಹೇಳಲು ಹೊರಟರೂ ಕಿವಿ ಮುಚ್ಚಿಕೊಳ್ಳುತ್ತೇನೆ.

ನಿನ್ನ ಮೈಮನಸ್ಸು ಗಟ್ಟಿಯಾಗಲಿ. ನಡೆಯುವ ದಾರಿಯಲ್ಲಿ ಹಿಂದೆ ತಿರುಗಿ ನೋಡದೆ ಹೋಗುವಂಥ ದಿನ ನಿನಗೆ ಬೇಗ ಬರಲಿ.

ಸದಾ ನಿನ್ನ,
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಆ ಕೆರೆಯ ದಂಡೆಯಲ್ಲಿ, ನಲವತ್ತು ನಿಮಿಷವಾದ ಮೇಲೆ ಅವನ ಚುಕ್ಕಿ ಹೊರಟಿತು ಎಂದು ಬರೆದಿದ್ದೆ. ಯಾಕೆ ಹೊರಟಿತೆಂದು ಬರೆಯಲಿಲ್ಲ. ಫೋನು ಮಾಡಿದ್ದು ನಾನು. "ಅವಳು ನಮ್ಮ ಮನೆ ಬಾಗ್ಲಲ್ಲಿ ಒಬ್ಬಳೇ ಕೂತಿದ್ದಾಳಪ್ಪ, ಮೈ ಹುಷಾರಿಲ್ವೋ ಏನೋ, ಹೋಗಿ ಕರ್ಕೊಂಡು ಬನ್ನಿ" ಎಂದೆ. "ಹೌದಾ ಅಕ್ಕಾ? ನಾನು ನೋಡೇ ಇರ್ಲಿಲ್ಲ. ಹೇಳಿದ್ದು ಒಳ್ಳೇದಾಯ್ತು" ಎಂದ. ನನಗೆ ನೆಮ್ಮದಿಯಾಯಿತು. ಅಷ್ಟರಲ್ಲಿ ನಿಮ್ಮ ಭಾವ ಕೈಬೀಸಿ ಕರೆದರು. ನಾವು ದೋಣಿ ಹತ್ತಿದೆವು.