ಬೊಟ್ಟಿಡಲು ಜಾಗವಿಲ್ಲದ ಸೈಕಲ್

ಅವ್ವಾ,

ನೀನು ನನ್ನನ್ನು ಕೇಳಿದ್ದ ಒಂದು ಪ್ರಶ್ನೆಗೆ ಈಗ ಉತ್ತರ ಸಿಕ್ಕಿದೆ. ಅದಕ್ಕೇ ಈ ಕಾಗದ. ಇಲ್ಲದಿದ್ದರೆ ನಾನು ಬರೆಯುವ ಪೈಕಿ ಅಲ್ಲ ಅಂತ ನಿನಗೇ ಗೊತ್ತು. ಮೈಸೂರಿನ ದೊಡ್ಡ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಷ್ಟು ಕಾಲ ನಿನಗೆ ಒಂದು ಸಾಲೂ ಬರೆದವಳಲ್ಲ. ಫೋನಿನಲ್ಲೂ ಊಟ ಆಯ್ತಾ, ಇಡ್ತೀನಿ, ಅಷ್ಟೇ. "ನಿನ್ ಬಾಯಿಂದ ಮಾತ್ ತಗ್ಯಾದೂ, ತುಕ್ಕಿಡ್ದಿರ ನಟ್ ಬಿಚ್ಚಾದೂ ಎಲ್ಡೂ ಒಂದೇ ಕಣವ್ವ" ಅನ್ನುತ್ತಿದ್ದೆ ನೀನು. ಇವತ್ತು ಯಾರೂ ಕೇಳದೆ ನಾನಾಗಿ ಹೇಳುತ್ತಿದ್ದೇನೆ. ಸಮಾಧಾನವಾಗಿ ಕೇಳು, ನಡುವೆ ಬಾಯಿ ಹಾಕಬೇಡ.

ಹೊನ್ನೂರಿನ ನಂಜುಂಡಸ್ವಾಮಿ ಮೇಷ್ಟ್ರು ಕೊಳ್ಳೇಗಾಲದ ನಮ್ಮ ಶಾಪಿಗೆ ಬಂದ ದಿನ ನೆನಪಿದೆಯಾ? ಸಕ್ಕರೆ ಕಾಯಿಲೆ ಬಂತು, ಡಾಕ್ಟರು ಸೈಕಲ್ ತುಳಿಯಿರಿ ಅಂದರು, ತುಳಿಯುತ್ತಾ ತುಳಿಯುತ್ತಾ ಹುಚ್ಚು ಹಿಡಿಯಿತು. ಈಗ ಕಾರ್ಬನ್ ಗಾಡಿಯೇ ಬೇಕು, ರೋಡ್ ಬೈಕು, ಅದರಲ್ಲಿ ಮಾದಪ್ಪನ ಬೆಟ್ಟ ಹತ್ತಬೇಕು ಅಂದರು. ಅದಕ್ಕೆ ಅವರು ಮೈಸೂರಿಗೆ ಹೋಗಬಹುದಿತ್ತು. ಹೋಗಲಿಲ್ಲ. ಹುಡುಗನಾಗಿದ್ದಾಗ ನಮ್ಮ ಶಾಪಿನಿಂದ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಗೊಂಡು ಹೋಗುತ್ತಿದ್ದವರಂತೆ. ಅಪ್ಪ ಹೋದ ಮೇಲೆ ಒಂಟಿ ಹೆಂಗಸು ನೀನು ಆ ಶಾಪು ನಡೆಸಿದ್ದನ್ನು ಕಣ್ಣಾರೆ ಕಂಡವರು. "ಅಮ್ಮಾರ ಶಾಪಲ್ಲೇ ಆಗ್ಲಿ" ಅಂದರು. ಪಂಕ್ಚರ್ ಶಾಪಿನ ಹುಡುಗಿ ಕೊಳ್ಳೇಗಾಲದಲ್ಲಿ ಕೂತು ಕಾರ್ಬನ್ ಗಾಡಿ ಜೋಡಿಸುತ್ತಾಳೆ ಅಂದರೆ ನಂಬುವವರು ಯಾರು? ಇದೊಂದು ಸರಿಹೋದರೆ ಇನ್ನೊಂದು ಬರುತ್ತಿತ್ತು, ಕೆಟ್ಟರೆ...

ಅಳತೆ ತೆಗೆದದ್ದನ್ನು ನೀನು ವಾರಗಟ್ಟಲೆ ಹೇಳಿಕೊಂಡು ನಕ್ಕೆ. ಈ ಗಾಡಿಗಳಲ್ಲಿ ಫ್ರೇಮಿನ ಅಳತೆಯೇ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ. ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲಿನ ಸಂದಿಗೆ ಒಂದು ದಪ್ಪ ಪುಸ್ತಕ ಒತ್ತಿ ಹಿಡಿದು, ಅಲ್ಲಿಂದ ನೆಲದವರೆಗೆ ಟೇಪು ಹಿಡಿಯಬೇಕು. ಮೇಷ್ಟ್ರು ಹಾಗೇ ನಿಂತರು. ನೀನು ಸ್ಟೂಲಿನ ಮೇಲೆ ಕೂತು, "ನೋಡ್ದಾ, ಉಡುಗ್ರಿಗೆ ಪುಸ್ತಕನ ತಲೆಗಾಕಳಿ ಅಂತಾರೆ, ತಾವು ಎಲ್ ಇಕ್ಕಂಡವ್ರೆ!" ಅಂದೆ. ಮೇಷ್ಟ್ರು ನಕ್ಕ ರಭಸಕ್ಕೆ ಪುಸ್ತಕ ಕೆಳಗೆ ಬಿತ್ತು, ನಾನು ಎರಡನೇ ಸಲ ಅಳೆಯಬೇಕಾಯಿತು.

ಫ್ರೇಮು ಬಂದ ದಿನ ನೀನು ಅದನ್ನು ಎರಡೇ ಬೆರಳಲ್ಲಿ ಎತ್ತಿ ನೋಡಿ ಹೆದರಿದೆ. "ಇದ್ರೊಳ್ಗೆ ಏನೂ ಇಲ್ವಲ್ಲವ್ವಾ! ಬರೀ ಗಾಳಿ ಮಾರವ್ರೆ ನಿಂಗೆ." ಕಬ್ಬಿಣ ಅಲ್ಲ, ನೂಲಿನಂಥ ಎಳೆಗಳನ್ನು ಪದರ ಪದರವಾಗಿ ಅಂಟಿನಲ್ಲಿ ಕೂಡಿಸಿ ಮಾಡಿದ್ದು ಅಂತ ನಾನಂದೆ. "ನೂಲಾ? ನಮ್ಮೂರಲ್ಲಿ ನೂಲ್ನಲ್ಲಿ ಸೀರೆ ನೇಯ್ತಾರೆ, ಸೈಕಲ್ ನೇಯಾದ್ ನಾ ಕಾಣೆ" ಅಂತ ಅದನ್ನು ಮಗುವಿನ ಹಾಗೆ ಮೆಲ್ಲಗೆ ಕೆಳಗಿಟ್ಟೆ. ಸೀಟಿನ ಕೊಳವೆ ಕೂಡಿಸುವಾಗ ಗ್ರೀಸಿನ ಡಬ್ಬಿ ತಂದುಕೊಟ್ಟವಳೂ ನೀನೇ. ಕಾರ್ಬನ್ನಿಗೆ ಗ್ರೀಸು ಹಚ್ಚಿದರೆ ಜಾರುತ್ತದೆ, ಜಾರುತ್ತದೆ ಅಂತ ಇನ್ನಷ್ಟು ಬಿಗಿದರೆ ಬಿರುಕು ಬಿಡುತ್ತದೆ. ಅದಕ್ಕೆ ಮರಳಿನ ಹಾಗೆ ತರಿತರಿಯಾದ ಒಂದು ಪೇಸ್ಟು ಬೇಕು. ನಾನು ಅದನ್ನು ಹಚ್ಚಿ, ಇಷ್ಟೇ ಬಿಗಿ ಸಾಕು ಅಂತ 'ಟಕ್' ಎಂದು ಹೇಳುವ ಪಾನಾ ಹಿಡಿದಾಗ, ನೀನು ಬೀದಿಗೆ ಕೇಳುವಂತೆ ಅಂದೆ: "ಮರಳ್ ಆಕ್ತಾವ್ಳೆ, ಪಾನಾ ಕೇಳ್ಕಂಡ್ ಬಿಗೀತಾವ್ಳೆ. ಕೈಗೇನ್ ಬಂದದೋ ಇವ್ಳ್ಗೆ!"

ಗೇರು ಆರಿಸುವಾಗ ಮೇಷ್ಟ್ರಿಗೂ ನನಗೂ ಜಗಳವೇ ಆಯಿತು. ಟಿವಿಯಲ್ಲಿ ರೇಸಿನವರಿಗೆ ಇರುವಂಥ ದೊಡ್ಡ ಹಲ್ಲುಚಕ್ರವೇ ಮುಂದೆ ಇರಲಿ ಅಂದರು. ಬೆಟ್ಟದ ಬುಡದ ತಾಳುಬೆಟ್ಟದಿಂದ ಮೇಲಕ್ಕೆ ಅದನ್ನು ತಳ್ಳಿಕೊಂಡು ನಡೆಯಬೇಕಾಗುತ್ತದೆ, ಮುಂದೆ ಚಿಕ್ಕದು ಹಿಂದೆ ಅಗಲದ್ದು ಹಾಕುತ್ತೇನೆ ಅಂದೆ. ಟೈರು ಸ್ವಲ್ಪ ದಪ್ಪದ್ದೇ ಇರಲಿ, ಹನೂರಿನ ಆಚೆ ರಸ್ತೆ ಯಾವ ವರ್ಷ ಹೇಗಿರುತ್ತದೋ ಅಂದೆ. ಎಲ್ಲಕ್ಕಿಂತ ದೊಡ್ಡ ತಕರಾರು ಬ್ರೇಕಿನದು. ಅವರಿಗೆ ರಿಮ್ಮನ್ನು ಹಿಡಿಯುವ ಹಳೆಯ ಬಗೆಯದೇ ಬೇಕಿತ್ತು, ಹಗುರ ಅಂತ. ಬೆಟ್ಟ ಇಳಿಯುವಾಗ ಬ್ರೇಕ್ ಹಿಡಿದೇ ಬರಬೇಕು, ಕಾರ್ಬನ್ ರಿಮ್ಮು ಕಾದರೆ ಉಳಿಯುವುದಿಲ್ಲ, ಡಿಸ್ಕ್ ಬ್ರೇಕೇ ಆಗಬೇಕು ಅಂತ ಹಟ ಹಿಡಿದೆ. ಹಾಗಾಗಿ ಆ ಗಾಡಿಯ ಎರಡೂ ಚಕ್ರಗಳ ಮಧ್ಯದಲ್ಲಿ, ಬ್ರೇಕು ಕಚ್ಚಿ ಹಿಡಿಯುವ ಒಂದೊಂದು ಉಕ್ಕಿನ ಬಿಲ್ಲೆ ಬಂತು. ಪುಟ್ಟ ಆರತಿ ತಟ್ಟೆಯ ಹಾಗೆ ಫಳಫಳ ಹೊಳೆಯುವುದು.

ಗಾಡಿ ಕೊಟ್ಟ ಗುರುವಾರ ನೀನು ಪೂಜೆಯ ತಟ್ಟೆ ಹಿಡಿದು ಆ ಸೈಕಲ್ಲನ್ನು ಸುತ್ತು ಹಾಕಿದೆ. ನಮ್ಮ ಶಾಪಿನಿಂದ ನಿನ್ನ ಬೊಟ್ಟಿಲ್ಲದೆ ಒಂದು ಗಾಡಿಯೂ ಆಚೆ ಹೋದದ್ದಿಲ್ಲ. ಮಡ್‌ಗಾರ್ಡಿಗೊಂದು, ಬೆಲ್ಲಿಗೊಂದು, ಕ್ಯಾರಿಯರ್‌ಗೊಂದು. ಇದಕ್ಕೆ ಮಡ್‌ಗಾರ್ಡಿಲ್ಲ, ಬೆಲ್ಲಿಲ್ಲ, ಕ್ಯಾರಿಯರ್ ಇಲ್ಲ. "ಬೊಟ್ಟಿಡಕ್ಕೂ ಜಾಗ ಇಲ್ದಿರದು ಯಾವ್ ಗಾಡಿ ಸಾ ಇದು?" ಅಂತ ಮೇಷ್ಟ್ರನ್ನು ಕೇಳುತ್ತಿದ್ದೆ. ನಾನು ಅವರಿಗೆ ಕೊಡಬೇಕಿದ್ದ ಪಂಪು ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಚಕ್ರಗಳು ನಿಂಬೆಹಣ್ಣಿನ ಮೇಲೆ ಹತ್ತಿ ಇಳಿದಾಗಿತ್ತು, ನೀನು "ಉಘೇ ಮಾದಪ್ಪಾ" ಅಂದಾಗಿತ್ತು, ಮೇಷ್ಟ್ರು ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಮರೆಯಾಗಿದ್ದರು. ನಿನ್ನ ಮುಖದಲ್ಲಿ ಬೊಟ್ಟಿಗೆ ಜಾಗ ಸಿಕ್ಕಿದ ಖುಷಿ ಇತ್ತು.

ಭಾನುವಾರ ಮಧ್ಯಾಹ್ನ ಮೇಷ್ಟ್ರ ತಮ್ಮ ಫೋನ್ ಮಾಡಿದ. ಬೆಟ್ಟ ಹತ್ತಿದ್ದಾರೆ, ದರ್ಶನವೂ ಆಗಿದೆ, ಇಳಿಯುವಾಗ ಒಂದು ತಿರುವಿನಲ್ಲಿ ಬ್ರೇಕ್ ಹಿಡಿಯಲಿಲ್ಲವಂತೆ. ಕಣಿವೆಯ ಕಡೆಗೆ ಹೋಗದೆ ರಸ್ತೆಯ ಒಳಬದಿಗೆ ಗೋಡೆಯಂತೆ ನಿಂತ ಮಣ್ಣಿನ ಬರೆಗೆ ಗುದ್ದಿದ್ದಾರೆ. ಭುಜದ ಹತ್ತಿರ ಮೂಳೆ ಮುರಿದಿತ್ತು, ಅಷ್ಟೇ. ಲಗೇಜ್ ಆಟೋದಲ್ಲಿ ಬಂದ ಗಾಡಿಯನ್ನು ನಾನು ಸ್ಟ್ಯಾಂಡಿಗೆ ಹಾಕಿ ನಾಣ್ಯದಿಂದ ಉದ್ದಕ್ಕೂ ತಟ್ಟಿ ತಟ್ಟಿ ಕೇಳಿದೆ. ಕಾರ್ಬನ್ ಒಳಗೇ ಸೀಳಿದ್ದರೆ ಆ ಜಾಗದಲ್ಲಿ ದನಿ ಸತ್ತಿರುತ್ತದೆ. ಫ್ರೇಮು ಚೆನ್ನಾಗಿತ್ತು, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕು ಹೋಗಿತ್ತು. ಆಮೇಲೆ ಬ್ರೇಕು ಬಿಚ್ಚಿದೆ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡು ಎಣ್ಣೆ ಕುಡಿದು ಕಪ್ಪಗಾಗಿತ್ತು. ಡಿಸ್ಕನ್ನು ಚಕ್ರದ ನಡುವಿಗೆ ಕೂಡಿಸುವ ತೋಳಿನ ಮೇಲೆ, ಅಳಿಸಿಯೂ ಅಳಿಸದ ಹಾಗೆ, ಕೆಂಪಗೆ ಒಂದು ಕಲೆ.

ನೀನು ನನ್ನ ಹಿಂದೆಯೇ ನಿಂತಿದ್ದೆ. ಡಿಸ್ಕಿಗೆ ಎಣ್ಣೆ ಸೋಕಿದರೆ ಬ್ರೇಕು ಹಿಡಿಯುವುದಿಲ್ಲ ಅಂತ ನಾನು ಬೇರೆಯವರಿಗೆ ಹೇಳಿದ್ದನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೆಯೋ. "ನೀರ್ನಲ್ಲಿ ಕಲ್ಸಿದ್ ಕುಂಕುಮ ಕಣವ್ವ, ಎಣ್ಣೆ ಆಕ್ನಿಲ್ಲ" ಅಂದೆ. ಆಮೇಲೆ ನಿನ್ನ ಬೆರಳನ್ನೇ ನೋಡಿಕೊಂಡೆ. ಕೆಲಸ ಮಾಡುತ್ತಾ ಬೆರಳನ್ನು ತಲೆಗೆ ಒರೆಸಿಕೊಳ್ಳುವ ಅಭ್ಯಾಸ ನಿನಗೆ, ತಲೆಯ ತುಂಬ ಯಾವಾಗಲೂ ಎಣ್ಣೆ. "ಭಾಗ್ಯ, ನನ್ ಕೈಯಿಂದ್ಲೇ ಆದ್ದಾ? ದಿಟ ಏಳು." ನಾನು ಪ್ಯಾಡನ್ನು ಮೂಸಿದೆ. ಕಾದ ಮೇಲೆ ಎಲ್ಲ ಎಣ್ಣೆಗೂ ಒಂದೇ ವಾಸನೆ. ಗೊತ್ತಿಲ್ಲವ್ವ ಅಂದೆ. ಅದು ನಿಜವಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಇಲ್ಲ ಬಿಡು ಅಂದುಬಿಡುತ್ತಿದ್ದರೇನೋ. ನನಗೆ ಗೊತ್ತಿಲ್ಲದ್ದನ್ನು ಗೊತ್ತು ಅನ್ನಲು ಬರುವುದಿಲ್ಲ, ನೀನು ಬೆಳೆಸಿದ್ದೇ ಹಾಗೆ.

ಆಸ್ಪತ್ರೆಗೆ ಹೋಗಿ ಮೇಷ್ಟ್ರನ್ನೂ ಕೇಳಿದ್ದೆ. ಗಾಡಿಗೆ ನೀವೇನಾದರೂ ಮಾಡಿದ್ರಾ ಅಂತ. "ನಾನೇನ್ ಮಾಡ್ಲಿ ಭಾಗ್ಯಮ್ಮ, ನಂಗೆ ಒಂದ್ ನಟ್ ಬಿಚ್ಚಾಕೂ ಬರಾಕಿಲ್ಲ" ಅಂದರು. ಮನೆಗೆ ಬಂದು ನಿನಗೆ ಅದನ್ನೂ ಹೇಳಿದೆ. ನೀನು ತಲೆಯಾಡಿಸಿ ಒಳಗೆ ಹೋದೆ. ಮಾರನೇ ದಿನದಿಂದ ಶಾಪಿನ ಸ್ಟೂಲು ಖಾಲಿ. ಮಂಡಿ ನೋವು ಅಂದೆ, ಬಿಸಿಲು ಅಂದೆ. ಆಯುಧಪೂಜೆಗೂ ಬರಲಿಲ್ಲ. ಧನಗೆರೆಯಿಂದ ಹೊಸ ಮೊಪೆಡ್ ತಂದು ಬಾಗಿಲಲ್ಲಿ ನಿಲ್ಲಿಸಿದ ನಿನ್ನ ತಮ್ಮನ ಮಗನಿಗೂ, "ದೇವಸ್ತಾನ್ದಲ್ ಮಾಡ್ಸಪ್ಪ, ನನ್ ಕೈ ಬ್ಯಾಡ" ಅಂದೆಯಂತೆ. ಸಿಟ್ಟಿದ್ದರೆ ನಾನು ಜಗಳವಾಡಿ ಸರಿಮಾಡುತ್ತಿದ್ದೆ. ನಿನಗೆ ಸಿಟ್ಟಿರಲಿಲ್ಲ. ಕಾರ್ತಿಕ ಕಳೆಯುವುದರೊಳಗೆ ನೀನೇ...

ಅದೆಲ್ಲ ನಿನಗೆ ಗೊತ್ತಿರುವುದು. ಹೋದ ವಾರದ್ದು ಗೊತ್ತಿಲ್ಲ. ಮೇಷ್ಟ್ರು ಮತ್ತೆ ಬಂದಿದ್ದರು, ಅವ್ವಾ. ಈ ಸಲ ಮೌಂಟನ್ ಬೈಕು, ಅದೂ ಕಾರ್ಬನ್ನೇ. ಗೋಪಿನಾಥಂ ಕಡೆಯ ಕಲ್ಲುಮಣ್ಣಿನ ದಾರಿಗಳಲ್ಲಿ ಓಡಿಸುವ ಆಸೆಯಂತೆ. ಮುಂದೆ ಶಾಕ್ ಇರುವ ಫೋರ್ಕು, ಎರಡಿಂಚು ದಾಟಿದ ಅಗಲದ ಟೈರು, ಟ್ಯೂಬಿಲ್ಲದ್ದು, ಮುಳ್ಳು ಚುಚ್ಚಿದರೂ ಒಳಗೆ ತುಂಬಿದ ಹಾಲಿನಂಥ ಅಂಟು ತಾನೇ ತೂತು ಮುಚ್ಚುವಂಥದ್ದು. ಹಿಂದಿನ ಚಕ್ರಕ್ಕೂ ಶಾಕ್ ಬೇಕು ಅಂದರು. ಭಾರ, ಖರ್ಚು, ಆ ದಾರಿಗೆ ಮುಂದಿನದೇ ಸಾಕು ಅಂದೆ. ಒಪ್ಪಿದರು. ಬ್ರೇಕಿನ ವಿಷಯಕ್ಕೆ ಬಂದಾಗ ಡಿಸ್ಕು ದೊಡ್ಡದು ಹಾಕುತ್ತೇನೆ ಅಂದೆ. ಅವರು ನಗುತ್ತಾ, "ಆಕಿ, ಆದ್ರೆ ಅದ್ರಂಗೆ ಕಿರುಗುಟ್ಬಾರ್ದು ಕಣಮ್ಮ. ಆವತ್ತು ಬೆಟ್ಟ ಅತ್ತೋ ಗಂಟ ಕಿರ್ ಕಿರ್ ಅಂತು. ಮೇಲ್ಗಡೆ ಒಬ್ರಜ್ಜಿ ಮಾದಪ್ಪನ್ ಎಣ್ಣೆಮಜ್ಜನದ ಎಣ್ಣೆ ಪ್ರಸಾದ ಅಂತ ಕೊಟ್ರು. ತಲೆಗ್ ಸವರ್ಕಂಡು, ಮಿಕ್ಕುದ್ನ ಆ ಬಿಲ್ಲೆಗಳಿಗೆ ಬಿಟ್ಟೆ. ಆಮ್ಯಾಲ್ ದನಿನೇ ಇಲ್ಲ!" ಅಂದರು.

ನನ್ನ ಕೈಯಲ್ಲಿದ್ದ ಪಾನಾ ಅಲ್ಲೇ ನಿಂತಿತು. ಅದಕ್ಕೆ ಮುಂಚೆ ಬ್ರೇಕು ಹಿಡಿಯುತ್ತಿತ್ತಾ ಅಂತ ಕೇಳಿದೆ. "ಹಿಡೀದೆ ಏನು? ಬೆಟ್ಟಕ್ ಓಗ್ವಾಗ ಕೌದಳ್ಳಿ ತಾವ್ ಇಳಿಜಾರ್ನಲ್ಲಿ ಎಮ್ಮೆ ಅಡ್ಡ ಬಂತು, ಗಪ್ ಅಂತ ನಿಂತ್ಕತು." ಕೇಳಿಸಿತಾ? ಗುರುವಾರ ನೀನಿಟ್ಟ ಬೊಟ್ಟು ಇದ್ದೇ ಇತ್ತು, ಭಾನುವಾರ ಕೌದಳ್ಳಿಯಲ್ಲಿ ಬ್ರೇಕು ಹಿಡಿದಿತ್ತು. ಕಿರುಗುಟ್ಟಿದ್ದು ನಿನ್ನ ಕುಂಕುಮದಿಂದ ಇರಬಹುದು, ಹೊಸ ಪ್ಯಾಡು ಹಾಗೆ ಕೂಗುವುದೂ ಉಂಟು. ಅದನ್ನು ನಾನು ಹೇಳಲಾರೆ. ಆದರೆ ಕಿರುಗುಟ್ಟಿದ್ದಕ್ಕೆ ಯಾರೂ ಬೀಳುವುದಿಲ್ಲ.

ಮೇಷ್ಟ್ರಿಗೆ ಎಲ್ಲ ಬಿಡಿಸಿ ಹೇಳಿದೆ. ಡಿಸ್ಕಿಗೆ ದೇವರ ಎಣ್ಣೆಯೂ ಎಣ್ಣೆಯೇ ಅಂದೆ. ನೀನು ಶಾಪಿಗೆ ಬರುವುದು ಬಿಟ್ಟದ್ದು ಯಾಕೆ ಅಂತಲೂ ಹೇಳಿದೆ. ಪಾಪ, ಅವರು ಆಸ್ಪತ್ರೆಯಲ್ಲಿ ಸುಳ್ಳು ಹೇಳಿದವರಲ್ಲ. ಪ್ರಸಾದ ಸವರಿದ್ದನ್ನು ಯಾರಾದರೂ ರಿಪೇರಿ ಅನ್ನುತ್ತಾರಾ? ಅವರು ಮೆಲ್ಲಗೆ, "ಅಮ್ಮಾರಿಗೆ ಇಂಗಾಗದೆ ಅಂತ ನಂಗೊತ್ತೇ ಇರ್ನಿಲ್ವಲ್ಲಮ್ಮ. ನಾನು ಹೊನ್ನೂರಲ್ಲೆಲ್ಲ ಬ್ಯಾರೆನೇ ಏಳ್ಕಂಡ್ ಬಂದಿವ್ನಿ. ಕಣಿವೆಗ್ ಬೀಳ್ಬೇಕಾಗಿತ್ತು, ಕೊಳ್ಳೇಗಾಲದ ಶಾಪಿನಮ್ಮ ಬೊಟ್ಟಿಟ್ ಕಳ್ಸಿದ್ರು, ಅದ್ಕೇ ಉಳ್ಕಂಡೆ ಅಂತ. ನಮ್ಮನೆಯವ್ಳು ದಿನಾ ದೀಪ ಅಚ್ವಾಗ ಅಮ್ಮಾರ್ನೂ ನೆನೀತಾಳೆ" ಅಂದರು.

ನಾನು ಅದನ್ನು ನಂಬುವುದಿಲ್ಲ, ಅವ್ವಾ. ಮಣ್ಣಿನ ಬರೆ ಆ ಕಡೆಗಿತ್ತು, ಗಾಡಿ ಆ ಕಡೆಗೆ ತಿರುಗಿತು, ಅಷ್ಟೇ. ಆದರೆ ನೀನು ನಂಬುತ್ತಿದ್ದೆ. ನೀನು ನಡುಮನೆಯಲ್ಲಿ ಕೂತು ನಿನ್ನ ಬೆರಳನ್ನು ನೋಡಿಕೊಳ್ಳುತ್ತಿದ್ದ ದಿನಗಳಲ್ಲೇ, ಬಸ್ಸು ಹತ್ತಿದರೆ ಸಿಗುವ ಹೊನ್ನೂರಿನಲ್ಲಿ ಒಂದು ಮನೆಯವರು ಆ ಬೆರಳನ್ನು ನೆನೆದು ದೀಪ ಹಚ್ಚುತ್ತಿದ್ದರು. ಮೇಷ್ಟ್ರು ಹೋದ ಮೇಲೆ ನಾನು ಶಟರ್ ಅರ್ಧ ಇಳಿಸಿ ಅತ್ತೆ. ನೀನು ಹೋದ ದಿನವೂ ಅಷ್ಟು ಅತ್ತಿರಲಿಲ್ಲ.

ನೀನು ಕೇಳಿದಾಗ ಗೊತ್ತಿಲ್ಲ ಅಂದಿದ್ದೆ. ಈಗ ಗೊತ್ತಾಗಿದೆ.

ಅಲ್ಲ ಕಣವ್ವ. ನಿನ್ನ ಕೈಯಿಂದ ಅಲ್ಲ.

ನಿನ್ನ ಮಗಳು
ಭಾಗ್ಯ