ನಾನು ಹತ್ತದ ಕಂಬ

ಮನೆಯಿಂದ,
ಭಾನುವಾರ, ಮಾರ್ಚ್ ೯

ಮುದ್ದಿನ ಗುಬ್ಬೀ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೇ? ಹೋದ ಸಲ ಫೋನಿನಲ್ಲಿ ನಿನ್ನ ದನಿ ಕಟ್ಟಿತ್ತು, ನೆಗಡಿ ಎಂದೆ. ನೆಗಡಿಯೇ ಆಗಿರಲಿ ಎಂದುಕೊಂಡೆ. ನಿನ್ನಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟು ಪೆನ್ನು ಕೆಳಗಿಟ್ಟೆ. ಚೆನ್ನಾಗಿಲ್ಲ.

ನಿನ್ನ ಸಂಶೋಧನೆಯ ಜೋಳದ ಹೊಲದಲ್ಲಿ ಗಾಳಿ ಅಳೆಯುವ ಕಂಬವನ್ನು ನೋಡಿಕೊಳ್ಳುವ ಕೆಲಸ ನನಗೆ ಕೊಡಿಸಿದವಳು ನೀನೇ. ಮೂವತ್ತು ವರ್ಷ ಗೋಡೆಗೆ ಬಣ್ಣ ಬಳಿದವನು ನಾನು. "ನಮ್ಮಪ್ಪನಿಗೆ ಏಣಿ ಅಂದ್ರೆ ನೆಲ ಇದ್ದ ಹಾಗೆ" ಎಂದು ನೀನು ನಿನ್ನ ಸಂಶೋಧನೆಗೆ ದಾರಿ ತೋರಿಸುವ ಮೇಷ್ಟ್ರ ಮುಂದೆ ಹೆಮ್ಮೆಯಿಂದ ಹೇಳಿದೆ. ಕೊನೆಯ ಕಟ್ಟಡದಲ್ಲಿ ಏಣಿ ಜಾರಿ, ಯಾರೋ ಬರುವವರೆಗೆ ಕಿಟಕಿಯ ಕಂಬಿ ಹಿಡಿದು ನೇತಾಡಿದ್ದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಅಂದಿನಿಂದ ನಾಲ್ಕನೇ ಮೆಟ್ಟಿಲಿಗೇ ಹೆದರಿ ಕೆಳಗಿಳಿದುಬಿಡುತ್ತೇನೆ. ಮಗಳ ಮುಂದೆ ಅದನ್ನು ಮುಚ್ಚಿಟ್ಟು ಕೆಲಸ ಒಪ್ಪಿಕೊಂಡೆ.

ನೀನು ಬದುವಿನ ಮೇಲೆ ಕೂತು ವಿವರಿಸಿದ್ದು ನೆನಪಿದೆ. "ಅಪ್ಪಾ, ಗಾಳಿಗೆ ಮಣ್ಣು ಕಾಣಲ್ಲ. ಬೆಳೆಯ ತುದಿಗಳೇ ಅದಕ್ಕೆ ನೆಲ, ಅದೂ ಒರಟು ನೆಲ. ಉಜ್ಜಿಕೊಂಡು ಹೋಗ್ತಾ ವೇಗ ಕಳ್ಕೊಳ್ಳುತ್ತೆ. ಬೆಳೆ ಒಂದು ಗೇಣು ಬೆಳೆದ್ರೆ, ಕಂಬದ ಮೇಲೆ ತಿರುಗ್ತಾ ವೇಗ ಅಳೆಯೋ ಬಟ್ಟಲುಗಳನ್ನೂ ಒಂದು ಗೇಣು ಏರಿಸ್ಬೇಕು." ಬಣ್ಣದವನಿಗೆ ಇದು ಅರ್ಥವಾಗದೆ ಇರುತ್ತದೆಯೇ? ನುಣುಪು ಗೋಡೆಯ ಮೇಲೆ ಕುಂಚ ಓಡುತ್ತದೆ, ಒರಟು ಗೋಡೆ ಹಿಡಿದೆಳೆಯುತ್ತದೆ. ಆದರೂ ಜೋಳ ಮಂಡಿಯಿಂದ ತಲೆಯೆತ್ತರಕ್ಕೆ ಬಂದ ಆ ಏಳು ವಾರ ನಾನು ಒಮ್ಮೆಯೂ ಕಂಬ ಹತ್ತಲಿಲ್ಲ. ಪ್ರತಿ ಸೋಮವಾರ ಪುಸ್ತಕದಲ್ಲಿ "ಏರಿಸಿದೆ" ಎಂದು ಬರೆದು ಸಹಿ ಹಾಕಿದೆ. ಬಟ್ಟಲುಗಳು ತೆನೆಗಳ ಹತ್ತಿರವೇ ನಿಧಾನವಾಗಿ ತಿರುಗುತ್ತಿದ್ದವು.

ಬಟ್ಟಲುಗಳು ಮೇಲೇರಿವೆ ಎಂದು ನಂಬಿ ಮಾಡಿದ ನಿನ್ನ ಲೆಕ್ಕದಲ್ಲಿ ಆ ಹೊಲ ಇರಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಒರಟಾಗಿ ಬಂತು. "ಇದು ಜೋಳದ ಹೊಲವೋ, ಕಾಡೋ?" ಎಂದು ಮೇಷ್ಟ್ರು ಸಭೆಯಲ್ಲಿ ಕೇಳಿದರಂತೆ, ಎಲ್ಲರೂ ನಕ್ಕರಂತೆ. ಆ ದಿನ ನೀನು ಚಪ್ಪಲಿಯನ್ನೂ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ಕೂತು, "ಎಲ್ಲೋ ನಾನೇ ತಪ್ಪಿದ್ದೀನಿ ಅಪ್ಪಾ, ನಿನ್ನ ಪುಸ್ತಕ ಅಚ್ಚುಕಟ್ಟಾಗಿದೆ" ಎಂದೆ. ಆಗಲೇ ಹೇಳಬೇಕಿತ್ತು. ನಾನು ನಿನಗೆ ಕುಡಿಯಲು ನೀರು ತಂದುಕೊಟ್ಟೆ, ಅಷ್ಟೇ. ನೀನು ಓದು ಬಿಟ್ಟು ಅಷ್ಟು ದೂರದ ಕಚೇರಿಗೆ ಕಡತ ಜೋಡಿಸಲು ಹೋದೆ. ಬಸ್ಸಿಗೆ ನಿನ್ನ ಪೆಟ್ಟಿಗೆ ಏರಿಸಿದವನೂ ನಾನೇ.

ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ಬೈದಾದರೂ ಒಂದು ಕಾಗದ ಬರೆ. ಎಲ್ಲಿದ್ದರೂ ನೀನು ತಲೆಯೆತ್ತಿಕೊಂಡು ಬಾಳು ಮಗಳೇ.

ನಿನ್ನ
ಅಪ್ಪ

ಮರೆತ ಮಾತು: ಇದನ್ನೆಲ್ಲ ಇನ್ನೊಂದು ಹಾಳೆಯಲ್ಲಿ ಬರೆದು ನಿನ್ನೆ ಮೇಷ್ಟ್ರ ಕೈಗೆ ಕೊಟ್ಟೆ. ಎರಡು ಸಲ ಓದಿದರು. ನನ್ನನ್ನು ಬೈಯಲಿಲ್ಲ. "ಬಟ್ಟಲುಗಳು ಮೊದಲ ದಿನ ಕಟ್ಟಿದಲ್ಲೇ ಇದ್ವು ಅಂದ್ರೆ ಎತ್ತರ ಗೊತ್ತಾಯ್ತಲ್ಲ. ಅದನ್ನೇ ಹಾಕಿ ಅವಳು ಲೆಕ್ಕ ಮತ್ತೆ ಮಾಡಬಹುದು. ನಾನು ಅವಳ ಹತ್ರ ಮಾತಾಡ್ಬೇಕು, ವಿಳಾಸ ಕೊಡಿ" ಎಂದರು. ಕೊಡಲಿಲ್ಲ. ನಿನ್ನನ್ನು ಕೇಳದೆ ಆಗಲೇ ಒಂದು ಕೆಲಸ ಮಾಡಿಬಿಟ್ಟಿದ್ದೇನೆ, ಇನ್ನೊಂದು ಬೇಡ ಎನಿಸಿತು. ವಿಳಾಸ ಕೊಡಲೇ? ಒಂದು ಸಾಲು ಬರೆ, ಸಾಕು.