ಬಂದೂಕಿಗೆ ಇಸ್ತ್ರಿ

ಅತ್ಲೋನ್,
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ನಾಗಮಣಿ,

ನಿನ್ನ ಮಂಡಿ ಹೇಗಿದೆ? ಮೆಟ್ಟಿಲು ಹತ್ತುವಾಗ ಈಗಲೂ ಗೋಡೆ ಹಿಡಿಯುತ್ತೀಯಂತೆ, ಲೋಹಿತ್ ಹೇಳಿದ. ಡಾಕ್ಟರು ಮುಂದಿನ ತಿಂಗಳು ಆಪರೇಷನ್ನಿಗೆ ದಿನ ಕೊಟ್ಟರೂ ನೀನು ಇನ್ನೂ ಹೂಂ ಅಂದಿಲ್ಲ ಎಂದೂ ಹೇಳಿದ. "ಆಮೇಲೆ ನೋಡ್ಕೊಳ್ಳೋರು ಯಾರು? ನಿಮ್ಮಪ್ಪಂಗೆ ಒಂದು ಲೋಟ ತೊಳೆಯೋಕೂ ಬರಲ್ಲ" ಅಂದೆಯಂತೆ. ಫೋನಿನಲ್ಲಿ ಮಂಡಿಯ ಮಾತೆತ್ತಿದರೆ ನಿನ್ನ ಕುಕ್ಕರ್ ಕೂಗುತ್ತದೆ, ಇಲ್ಲವೇ ಹಾಲಿನವನು ಬರುತ್ತಾನೆ. ಕಾಗದಕ್ಕೆ ಆ ಕಾಟವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು, ಜ್ಯೋತ್ಸ್ನಾ, ಅಳಿಯಂದಿರು, ಮೊಮ್ಮಗಳು ಕೃತಿ ಎಲ್ಲರೂ ಕ್ಷೇಮ. ಚಳಿ ಶುರುವಾಗಿದೆ, ನೀನು ಹೆಣೆದ ಸ್ವೆಟರ್ ಮೈಮೇಲಿಂದ ಇಳಿದಿಲ್ಲ.

ಈಗ ನನ್ನ ಪ್ರತಾಪ ಕೇಳು. ಮಗಳ ಮನೆಯಲ್ಲಿ ಕೂತು ತಿನ್ನುವುದು ನನ್ನ ಜಾಯಮಾನವಲ್ಲ (ನಗಬೇಡ). ಇಲ್ಲಿನ ಪುಟ್ಟ ಮ್ಯೂಸಿಯಂ ಒಂದಕ್ಕೆ ಹಳೆಯ ಮಿಲಿಟರಿ ಬಂದೂಕುಗಳು ಬಂದಿವೆ. ಗುಂಡು ಹಾರದಂತೆ ನಳಿಕೆ ಮುಚ್ಚಿಸಿದ್ದಾರೆ, ಗಾಬರಿಯಾಗಬೇಡ. ತುಕ್ಕು ಹಿಡಿಯದಿರಲೆಂದು ಯಾವ ಕಾಲದಲ್ಲೋ ಗ್ರೀಸು ಬಳಿದು ಪೆಟ್ಟಿಗೆಗೆ ತುಂಬಿದ್ದರಂತೆ. ಅದೀಗ ಹಳೆಯ ಜೋನಿಬೆಲ್ಲದ ಹಾಗೆ ಗಟ್ಟಿಯಾಗಿ ಕೂತಿದೆ. ತೆಗೆಯಲು ಜನ ಬೇಕಾಗಿದ್ದರು, ನಾನು ಕೈಯೆತ್ತಿದೆ. ಡೆಕ್ಲನ್ ಎಂಬ ನಿವೃತ್ತ ಬಡಗಿ ನಮಗೆಲ್ಲ ಮೇಸ್ತ್ರಿ. ಕಬ್ಬಿಣಕ್ಕಾದರೆ ಸೀಮೆಎಣ್ಣೆ, ಹಳೆಯ ಟೂತ್‌ಬ್ರಷ್, ಹರಿದ ಬನಿಯನ್ ಸಾಕು. ಕಷ್ಟವಿರುವುದು ಮರದ ಹಿಡಿಯಲ್ಲಿ. ಅದು ಗ್ರೀಸು ಕುಡಿದು ಕೂತಿರುತ್ತದೆ. ಇವತ್ತು ಎಷ್ಟು ಒರೆಸಿದರೂ ನಾಳೆ ಮತ್ತೆ ಜಿನುಗುತ್ತದೆ.

ಒಂದು ಹಿಡಿಯನ್ನು ಬಿಚ್ಚಿ ನನ್ನ ಕೈಗಿತ್ತ ಡೆಕ್ಲನ್, ಮನೆಗೆ ಒಯ್ದು ಪೇಪರ್ ಸುತ್ತಿ ಹಾಟ್ ಪ್ರೆಸ್ಸಿಗೆ ಹಾಕು, "ಗ್ರ್ಯಾಂಡ್" ಆಗುತ್ತದೆ ಎಂದ. ಪ್ರೆಸ್ ಅಂದರೆ ಮೈಸೂರಿನವನಿಗೆ ಇಸ್ತ್ರಿಯಲ್ಲದೆ ಇನ್ನೇನು? ಪೇಪರ್ ಸುತ್ತಿ, ಮೇಲೆ ಹಳೆಯ ಪಂಚೆ ಹೊದಿಸಿ, ಜ್ಯೋತ್ಸ್ನಾಳ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿದೆ. ಪೇಪರ್ ಗ್ರೀಸು ಹೀರಿ ಒದ್ದೆಯಾದಂತೆ ಬದಲಿಸಿ ಮತ್ತೆ ಒತ್ತಿದೆ. ಶಾಲೆಯಿಂದ ಬಂದ ಕೃತಿ "ತಾತಾ, ವಾಟ್ ಆರ್ ಯೂ ಅಟ್?" ಎಂದು ಬಾಗಿಲಲ್ಲೇ ನಿಂತಳು. "ಹಾಟ್ ಪ್ರೆಸ್ ಮಾಡ್ತಿದೀನಿ ಪುಟ್ಟಿ" ಅಂದೆ. ಅವಳು ಬಿದ್ದು ಬಿದ್ದು ನಕ್ಕು, ನನ್ನನ್ನು ಮಹಡಿಗೆ ಎಳೆದೊಯ್ದು ಒಂದು ಬೀರು ತೆರೆದಳು. ಒಳಗೆ ಬಿಸಿನೀರಿನ ಟ್ಯಾಂಕು, ಅದರ ಮೇಲೆ ಒಣಗಲು ಇಟ್ಟ ಟವೆಲ್ಲುಗಳು. ಈ ದೇಶದಲ್ಲಿ ಪ್ರೆಸ್ ಅಂದರೆ ಬೀರುವಂತೆ, ಹಾಟ್ ಪ್ರೆಸ್ ಅಂದರೆ ಇದಂತೆ. ಹಿಡಿಯನ್ನು ಅದರೊಳಗೆ ಬೆಚ್ಚಗಿಟ್ಟು ಸುಮ್ಮನಿದ್ದರೆ ಆಗುತ್ತಿತ್ತು.

ಮರುದಿನ ಇದನ್ನು ಕೇಳಿ ಡೆಕ್ಲನ್ ಕುರ್ಚಿ ಹಿಡಿದುಕೊಂಡು ನಕ್ಕ. ಆಮೇಲೆ ಹಿಡಿಯ ಮೇಲೆ ಬೆರಳಾಡಿಸಿದ, ನಗು ನಿಂತಿತು. ಜಿಡ್ಡೇ ಇಲ್ಲ. ಈಗ ಎಲ್ಲ ಹಿಡಿಗಳಿಗೂ ಇಸ್ತ್ರಿ, ಇಸ್ತ್ರಿಯವನು ನಾನೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಶಾಖ ಹೆಚ್ಚಾದರೆ ಮರ ಸುಡುತ್ತದೆ, ಕಡಿಮೆಯಾದರೆ ಗ್ರೀಸು ಕದಲುವುದಿಲ್ಲ. ಒಂದು ಬಂದೂಕಿನಲ್ಲಿ, ಗುಂಡು ತುಂಬಲು ಹಿಂದೆ ಮುಂದೆ ಎಳೆಯುವ ಬೋಲ್ಟು ಮಾತ್ರ ಅಲುಗಾಡದೆ ಕೂತಿತ್ತು. ಯಾರೋ ಸುತ್ತಿಗೆ ತಂದರು, ನಾನು ಬಿಡಲಿಲ್ಲ. ಬಿಸಿನೀರಿನ ಬಟ್ಟೆಯಿಂದ ಶಾಖ ಕೊಟ್ಟು, ಒರೆಸಿ, ಎಣ್ಣೆ ಹನಿಸಿ, ದಿನವೂ ಚೂರು ಚೂರೇ ಸರಿಸುತ್ತ ಬಂದೆ. ನಿನ್ನೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಜಾರಿತು. ಮುಂದಿನ ತಿಂಗಳ ಉದ್ಘಾಟನೆಯಲ್ಲಿ ನಾನೇ ನಿಂತು ಜನರಿಗೆ ಇದನ್ನೆಲ್ಲ ವಿವರಿಸಬೇಕಂತೆ. ಜ್ಯೋತ್ಸ್ನಾ ಅದಕ್ಕೆಂದು ಹೊಸ ಕೋಟು ತಂದಿದ್ದಾಳೆ. ಅವಳ ಇಸ್ತ್ರಿ ಪೆಟ್ಟಿಗೆಯಂತೂ ಇನ್ನು ಬಟ್ಟೆಗೆ ಬಾರದು.

ಎದುರುಮನೆಯ ಚಂದ್ರಾವತಿಯವರಿಗೆ ನಮಸ್ಕಾರ, ಲೋಹಿತನಿಗೆ ಆಶೀರ್ವಾದ. ನಿನಗೆ ಎರಡೂ.

ನಿನ್ನ
ಶ್ರೀಕಂಠ

ತಾ.ಕ.: ಉದ್ಘಾಟನೆಗೆ ನಾನಿರುವುದಿಲ್ಲ. ಅದೂ ನಿನ್ನ ಆಪರೇಷನ್ನೂ ಒಂದೇ ವಾರ ಬಿದ್ದಿವೆ, ನಾನು ಟಿಕೆಟ್ ಮಾಡಿಸಿಬಿಟ್ಟೆ. ಆಪರೇಷನ್ ಆದಮೇಲೆ ಕಾಲನ್ನು ದಿನವೂ ಚೂರು ಚೂರೇ ಮಡಿಸಬೇಕಂತೆ. ಆ ಕೆಲಸ ನನಗೆ ಬರುತ್ತದೆ. ಲೋಟ ತೊಳೆಯುವುದೂ ಬರುತ್ತದೆ, ಜ್ಯೋತ್ಸ್ನಾಳನ್ನು ಕೇಳು. ನನಗೂ ಭಯವಿದೆ ನಾಗಮಣಿ, ಆದರೂ ಡಾಕ್ಟರಿಗೆ ಹೂಂ ಅನ್ನು. ಇಸ್ತ್ರಿ ಪೆಟ್ಟಿಗೆಯನ್ನು ನಿನ್ನ ಮಂಡಿಯ ಹತ್ತಿರ ತರುವುದಿಲ್ಲ.